ಡೇರೆ ದಡದಲ್ಲಿ, ಗಾಳ ದ್ವೀಪದಲ್ಲಿ



ಚಳಿಗಾಲ ಬಂದಿದೆ. ಕರಾವಳಿಯ ಕಡಲು ಶಾಂತವಾಗಿದೆ. ರಜೆ ಸಿಕ್ಕಿದರೆ ಸಾಕು, ಘಟ್ಟ ಇಳಿದು ಬರುವ ಕಾರುಗಳ ಮೇಲೆ ಈಗ ಹೊಸದೊಂದು ಸಾಮಾನು ಕಾಣುತ್ತದೆ. ಹತ್ತು ಹನ್ನೆರಡು ಅಡಿ ಉದ್ದ. ಹಳದಿ ಇಲ್ಲವೇ ಕಿತ್ತಳೆ ಬಣ್ಣ. ಪ್ಲಾಸ್ಟಿಕಿನ ಮೈ. ಒಬ್ಬರೇ ಕೂತು, ಎರಡೂ ತುದಿಯಲ್ಲಿ ಅಲಗಿರುವ ಹುಟ್ಟು ಹಾಕುತ್ತ ಸಾಗುವ ದೋಣಿ. ಅದೇ ಕಯಾಕ್. ಸಾಲಿಗ್ರಾಮದ ಪಾರಂಪಳ್ಳಿ ಹಿನ್ನೀರಿನಲ್ಲೋ, ಹೊನ್ನಾವರದ ಶರಾವತಿಯ ಕಾಂಡ್ಲಾ ಗಿಡಗಳ ನಡುವೆಯೋ ನಿಮ್ಮಲ್ಲಿ ಕೆಲವರು ಅದರಲ್ಲಿ ಕೂತಿರಬಹುದು.

ಹೊಳೆಯಲ್ಲಿ ಒಂದು ಗಂಟೆ ಹುಟ್ಟು ಹಾಕಿದವರಿಗೆ ಮುಂದಿನ ಆಸೆ ಹುಟ್ಟುವುದು ಸಹಜ. ಕಡಲಿಗೆ ಇಳಿಯಬೇಕು. ದ್ವೀಪಕ್ಕೆ ಹೋಗಬೇಕು. ಅಲ್ಲಿ ಗಾಳ ಹಾಕಬೇಕು. ಸಿಕ್ಕಿದ ಮೀನು ಸುಟ್ಟು ತಿಂದು, ರಾತ್ರಿ ಅಲ್ಲೇ ಡೇರೆ ಹಾಕಿ ಮಲಗಬೇಕು.

ಈ ಆಸೆಯನ್ನು ಕಾರ್ಯಕ್ಕಿಳಿಸುವುದು ಹೇಗೆ? ಇವತ್ತಿನ ಮಾತು ಅಷ್ಟೇ. ಉದಾಹರಣೆಗೆ ನಮಗೆಲ್ಲ ಗೊತ್ತಿರುವ ಜಾಗವನ್ನೇ ಇಟ್ಟುಕೊಳ್ಳೋಣ. ಉಡುಪಿ ಜಿಲ್ಲೆ, ಮಲ್ಪೆಯ ಎದುರಿನ ಸೇಂಟ್ ಮೇರೀಸ್ ದ್ವೀಪ. ಹಳಬರ ಬಾಯಲ್ಲಿ ತೋನ್ಸೆಪಾರು.

ನನ್ನ ಅಭಿಪ್ರಾಯವನ್ನು ಮೊದಲೇ ಹೇಳಿಬಿಡುತ್ತೇನೆ. ಗಾಳ ದ್ವೀಪದ ಬಳಿ ಹಾಕಿ. ಡೇರೆ ಮಾತ್ರ ದಡದಲ್ಲಿ ಹಾಕಿ. ಬೆಳಗ್ಗೆ ಹೋಗಿ, ಮಧ್ಯಾಹ್ನದ ಊಟದ ಹೊತ್ತಿಗೆ ಮರಳಿ ಬನ್ನಿ. ಇದಕ್ಕೆ ಎರಡು ಕಾರಣ. ಒಂದು ಕಾನೂನು. ಇನ್ನೊಂದು ಗಾಳಿ.

ಕಾನೂನಿನ ಮಾತು ಬೇಗ ಮುಗಿಯುತ್ತದೆ. ಸೇಂಟ್ ಮೇರೀಸಿನಲ್ಲಿ ರಾತ್ರಿ ತಂಗಲು ಬಿಡುವುದಿಲ್ಲ. ಪ್ರವಾಸಿ ದೋಣಿಗಳು ಸಂಜೆಯೊಳಗೆ ಎಲ್ಲರನ್ನೂ ವಾಪಸು ಕರೆತರುತ್ತವೆ. ಮಳೆಗಾಲದಲ್ಲಿ ಹಗಲಿಗೂ ಪ್ರವೇಶವಿಲ್ಲ. ಅಲ್ಲಿನ ಬಂಡೆ ಸಾಮಾನ್ಯ ಬಂಡೆಯಲ್ಲ. ನೋಡದವರಿಗಾಗಿ ಹೇಳುತ್ತೇನೆ. ಯಾರೋ ಕುಳಿತು ಕಡೆದು ನಿಲ್ಲಿಸಿದಂಥ ಕಂಬಗಳು. ಒಂದೊಂದಕ್ಕೂ ಐದೋ ಆರೋ ಮುಖ. ಒಂದರ ಪಕ್ಕ ಒಂದು, ಸಂದಿಲ್ಲದೆ ಒತ್ತಿಕೊಂಡು ನಿಂತಿವೆ. ಕೆಲವು ಆಳೆತ್ತರ. ಕೆಲವು ಮೆಟ್ಟಿಲಿನಷ್ಟು. ಸುಮಾರು 9 ಕೋಟಿ ವರ್ಷಗಳ ಹಿಂದೆ, ಮಡಗಾಸ್ಕರ್ ನಮ್ಮ ಭೂಭಾಗದಿಂದ ಬೇರೆಯಾಗುತ್ತಿದ್ದ ಕಾಲದಲ್ಲಿ, ಉಕ್ಕಿ ಬಂದ ಲಾವಾ ತಣಿಯುತ್ತ ಬಿರುಕುಬಿಟ್ಟು ಆದ ಆಕಾರ ಅದು. ಇದು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕ. ಅಲ್ಲಿಂದ ಕಲ್ಲಿನ ಚೂರನ್ನೂ ತರುವಂತಿಲ್ಲ. ಅದರ ಮೇಲೆ ಒಲೆ ಹೂಡುವುದು ದೂರದ ಮಾತು. ಕುಡಿಯುವ ನೀರೂ ಅಲ್ಲಿಲ್ಲ.

ಬೇರೆ ದ್ವೀಪ ಇಲ್ಲವೇ ಎಂದು ಕೇಳಬಹುದು. ಮುರುಡೇಶ್ವರದ ನೇತ್ರಾಣಿ ದಡದಿಂದ ಸುಮಾರು 19 ಕಿಲೋಮೀಟರ್. ಹುಟ್ಟು ಹಾಕುವವರ ಲೆಕ್ಕಕ್ಕೆ ಅದು ಬರುವುದಿಲ್ಲ. ಕಾರವಾರದ ಅಂಜದೀವ್ ನೌಕಾಪಡೆಯ ಜಾಗ. ಆ ಕಡೆ ದೋಣಿಯ ಮೂತಿಯನ್ನೂ ತಿರುಗಿಸಬೇಡಿ.

ಇದು ಕಾನೂನಿನ ಮಾತಾಯಿತು. ಇನ್ನು ಗಾಳಿ. ಕೇಳುಗರೇ, ಇಲ್ಲಿ ಸ್ವಲ್ಪ ನಿಧಾನವಾಗಿ ಹೋಗೋಣ. ಇಡೀ ಯೋಜನೆ ನಿಂತಿರುವುದು ಇದರ ಮೇಲೆ.

ಶಾಲೆಯಲ್ಲಿ ನಾವೆಲ್ಲ ನೆಲಗಾಳಿ, ಕಡಲಗಾಳಿ ಎಂದು ಓದಿದ್ದೇವೆ. ಪರೀಕ್ಷೆ ಬರೆದು ಮರೆತಿದ್ದೇವೆ. ಮೀನುಗಾರರು ಮರೆತಿಲ್ಲ. ರಾತ್ರಿ ನೆಲ ಬೇಗ ತಣಿಯುತ್ತದೆ. ಕಡಲು ಬೆಚ್ಚಗೇ ಇರುತ್ತದೆ. ಆಗ ಗಾಳಿ ನೆಲದಿಂದ ಕಡಲಿಗೆ ಬೀಸುತ್ತದೆ. ನಮ್ಮ ಕರಾವಳಿಯಲ್ಲಿ ಅದು ಮೂಡಣ ಗಾಳಿ. ಡಿಸೆಂಬರ್, ಜನವರಿಯ ನಸುಕಿನಲ್ಲಿ ಅದಕ್ಕೆ ಒಳ್ಳೆಯ ಕಸುವು. ಬಿಸಿಲೇರಿದ ಹಾಗೆ ಅದು ಸೋಲುತ್ತದೆ. ಸುಮಾರು ಒಂಬತ್ತು, ಹತ್ತು ಗಂಟೆಗೆ ಗಾಳಿಯೇ ಇಲ್ಲದ ಹೊತ್ತು ಬರುತ್ತದೆ. ನೀರು ನುಣ್ಣಗಾಗುತ್ತದೆ. ಆಮೇಲೆ ನೆಲ ಕಾದು, ಗಾಳಿ ತಿರುಗುತ್ತದೆ. ಹನ್ನೊಂದು, ಹನ್ನೆರಡಕ್ಕೆ ಕಡಲಿನಿಂದ ದಡಕ್ಕೆ ಬೀಸತೊಡಗುತ್ತದೆ. ಬರುವುದು ವಾಯವ್ಯದಿಂದ. ಮಧ್ಯಾಹ್ನ ಎರಡರಿಂದ ನಾಲ್ಕರವರೆಗೆ ಅದರದೇ ಕಾರುಬಾರು.

ಮೋಟಾರು ಬರುವ ಮೊದಲು ಹಾಯಿದೋಣಿಯವರು ಇದನ್ನೇ ನಂಬಿ ಬದುಕಿದರು. ನಸುಕಿನ ನೆಲಗಾಳಿಗೆ ಹಾಯಿ ಬಿಚ್ಚಿ ಹೊರಟರು. ಮಧ್ಯಾಹ್ನದ ಕಡಲಗಾಳಿಗೆ ಹಾಯಿ ತುಂಬಿಸಿ ಮರಳಿದರು. ಹೋಗುವಾಗಲೂ ಬರುವಾಗಲೂ ಗಾಳಿ ಬೆನ್ನಿಗೆ. ಕಯಾಕಿನವರೂ ಇದನ್ನೇ ಮಾಡಬೇಕು.

ಈಗ ದ್ವೀಪದಲ್ಲಿ ರಾತ್ರಿ ಉಳಿಯುವವರ ಲೆಕ್ಕ ಹಾಕಿ. ಕಾನೂನು ಇಲ್ಲವೆಂದೇ ಇಟ್ಟುಕೊಳ್ಳಿ. ಸಂಜೆ ಹೋಗಬೇಕೆಂದರೆ ಕಡಲಗಾಳಿ ಎದೆಗೆ. ಮರುದಿನ ಬೆಳಗ್ಗೆ ಬರಬೇಕೆಂದರೆ ನೆಲಗಾಳಿ ಎದೆಗೆ. ಎರಡು ಸಲವೂ ಎದುರೀಜು. ಅಂದರೆ ಕಾನೂನು ಬೇಡವೆಂದದ್ದನ್ನು ಗಾಳಿಯೂ ಬೇಡವೆನ್ನುತ್ತದೆ. ಇಂಥ ಒಮ್ಮತ ನಮ್ಮಲ್ಲಿ ಅಪರೂಪ.

ನೆಲಗಾಳಿಯಲ್ಲಿ ಒಂದು ಮೋಸವಿದೆ. ಹೋಗುವಾಗ ತೋಳಿಗೆ ಶ್ರಮವೇ ತಿಳಿಯುವುದಿಲ್ಲ. ದಡದ ಹತ್ತಿರ ಅಲೆಯೂ ಇರುವುದಿಲ್ಲ. ‘ಅಯ್ಯೋ, ಇಷ್ಟೇನಾ?’ ಅನ್ನಿಸುತ್ತದೆ. ಹಿಂತಿರುಗಿ ನೋಡಿದಾಗ ತೆಂಗಿನ ಮರಗಳು ಕಡ್ಡಿಯಷ್ಟಾಗಿರುತ್ತವೆ. ಆದ್ದರಿಂದ ಒಂದು ಅಭ್ಯಾಸ ಬೇಕು. ಹೊರಟ ಹತ್ತು ನಿಮಿಷಕ್ಕೆ ದೋಣಿ ತಿರುಗಿಸಿ. ದಡದ ಕಡೆಗೆ ಐದು ನಿಮಿಷ ಹುಟ್ಟು ಹಾಕಿ ನೋಡಿ. ಸಲೀಸಾಗಿ ಮುಂದೆ ಸಾಗಿತೋ, ದ್ವೀಪಕ್ಕೆ ಹೋಗಿ. ಏದುಸಿರು ಬಂತೋ, ಅಂದಿನ ಮಟ್ಟಿಗೆ ಅಲ್ಲಿಂದಲೇ ಮರಳಿ.

ಇಲ್ಲಿಯವರೆಗಿನ ಮಾತನ್ನು ಒಟ್ಟುಮಾಡೋಣ. ದ್ವೀಪದಲ್ಲಿ ರಾತ್ರಿ ಇಲ್ಲ. ನಸುಕಿನ ಗಾಳಿಗೆ ಹೋಗುವುದು. ನಡುಹಗಲಿನ ಗಾಳಿಗೆ ಬರುವುದು. ಇದನ್ನು ಈಗ ಗಡಿಯಾರಕ್ಕೆ ಹೊಂದಿಸೋಣ.

ಮಲ್ಪೆ ಬಂದರಿನಿಂದ ದ್ವೀಪಕ್ಕೆ ಸುಮಾರು 6 ಕಿಲೋಮೀಟರ್ ಎನ್ನುತ್ತಾರೆ. ನೀವು ಬಂದರಿನಿಂದ ಹೊರಡಬೇಡಿ. ಕಾರಣ ಆಮೇಲೆ ಹೇಳುತ್ತೇನೆ. ಬಂದರಿಗೆ ಬಡಗಣದಲ್ಲಿ ತೊಟ್ಟಂ, ಹೂಡೆ, ಕೋಡಿ ಬೆಂಗ್ರೆ ಎಂದು ಊರುಗಳ ಸಾಲಿದೆ. ಎಲ್ಲಿಂದ ಹೊರಡುತ್ತೀರಿ ಎನ್ನುವುದರ ಮೇಲೆ ದೂರ ಒಂದೆರಡು ಕಿಲೋಮೀಟರ್ ಹೆಚ್ಚುಕಡಿಮೆ. ಗಾಳ, ನೀರು, ಸಾಮಾನು ಹೊತ್ತ ಕಯಾಕ್ ಶಾಂತ ನೀರಿನಲ್ಲಿ ಗಂಟೆಗೆ ನಾಲ್ಕೈದು ಕಿಲೋಮೀಟರ್ ಹೋಗುತ್ತದೆ. ಗಾಳಿ ಎದುರಾದರೆ ಅದರ ಅರ್ಧ.

ಡಿಸೆಂಬರಿನಲ್ಲಿ ನಮ್ಮಲ್ಲಿ ಸೂರ್ಯ ಹುಟ್ಟುವುದು ಸುಮಾರು ಆರೂಮುಕ್ಕಾಲಿಗೆ. ಬೆಳಕು ಹರಿದ ಮೇಲೆ ಹೊರಡಿ. ಕತ್ತಲಲ್ಲಿ ಬೇಡ. ಎಂಟೂಕಾಲಿನ ಹೊತ್ತಿಗೆ ದ್ವೀಪದ ಬಳಿ ಇರುತ್ತೀರಿ. ಗಾಳಿ ಸತ್ತು ನೀರು ನುಣ್ಣಗಾಗುವ ಹೊತ್ತು ಗಾಳ ಹಾಕಲು ಹೇಳಿಮಾಡಿಸಿದ್ದು. ಸುಮಾರು ಎರಡೂವರೆ ಗಂಟೆ ನಿಮ್ಮದು. ಹನ್ನೊಂದರ ಆಸುಪಾಸಿನಲ್ಲಿ ಕಡಲ ಕಡೆಯಿಂದ ಗಾಳಿ ಕೆನ್ನೆಗೆ ತಾಗುತ್ತದೆ. ತಾಗಿದ ಕೂಡಲೇ ದಾರ ಸುತ್ತಿ. ಮೀನು ಕಚ್ಚುತ್ತಿದ್ದರೂ ಸುತ್ತಿ. ಇದು ಕಷ್ಟದ ಮಾತೆಂದು ನನಗೆ ಗೊತ್ತು. ಗಾಳ ಹಾಕುವವರಿಗೆ ‘ಇನ್ನೊಂದು ಸಲ’ ಎನ್ನುವುದಕ್ಕೆ ಕೊನೆಯೇ ಇಲ್ಲ. ಆದರೆ ಗಾಳಿ ಎಳೆಯದಾಗಿರುವಾಗ ಬೆನ್ನು ತಟ್ಟಿ ಕಳಿಸುತ್ತದೆ. ಬಲಿತ ಮೇಲೆ ದಡದಲ್ಲಿ ಅಲೆ ಎಬ್ಬಿಸಿ ಕಾಯುತ್ತದೆ. ಹನ್ನೆರಡೂವರೆಗೆ ನಿಮ್ಮ ಕಾಲು ಮರಳಿನ ಮೇಲಿರಬೇಕು.

ಮರಳುವಾಗ ಇನ್ನೊಂದು ಸೂಕ್ಷ್ಮವಿದೆ. ಗಾಳಿ ವಾಯವ್ಯದ್ದು ಅಂದೆ. ಅದು ನಿಮ್ಮನ್ನು ನೇರ ದಡಕ್ಕೆ ತಳ್ಳುವುದಿಲ್ಲ. ತೆಂಕಣಕ್ಕೆ, ಬಂದರಿನ ಬಾಯಿಯತ್ತ ಜಾರಿಸುತ್ತದೆ. ಹಾಗಾಗಿ ದೋಣಿಯ ಮೂತಿ ನಿಮ್ಮ ಡೇರೆಯ ಕಡೆಗಲ್ಲ, ಅದಕ್ಕಿಂತ ತುಸು ಬಡಗಣಕ್ಕೆ ಇರಲಿ. ದಡದ ಒಂದು ಗುರುತನ್ನು ಹಿಂದಿನ ದಿನವೇ ನೋಡಿಟ್ಟುಕೊಳ್ಳಿ. ಮೊಬೈಲ್ ಗೋಪುರವಾದೀತು. ದೇವಸ್ಥಾನದ ಶಿಖರವಾದೀತು. ಚಳಿಗಾಲದ ಬೆಳಗ್ಗೆ ಮಬ್ಬು ಕವಿದು ದಡವೇ ಕಾಣದಿರುವುದುಂಟು. ದ್ವೀಪವೂ ಎತ್ತರದ್ದಲ್ಲ. ಅದರ ಅತಿ ಎತ್ತರದ ಜಾಗ ನೀರಿನಿಂದ ಸುಮಾರು 10 ಮೀಟರ್ ಅಷ್ಟೇ. ದೂರಕ್ಕೆ ಕಾಣುವುದು ತೆಂಗಿನ ತಲೆಗಳು. ಒಂದು ಸಣ್ಣ ದಿಕ್ಸೂಚಿ ಜೇಬಿನಲ್ಲಿರಲಿ. ಪೂರ್ವ ಎಲ್ಲಿದೆ ಎಂದು ಗೊತ್ತಿದ್ದರೆ ಕರ್ನಾಟಕ ಸಿಕ್ಕೇ ಸಿಗುತ್ತದೆ.

ಹೊತ್ತಿನ ಲೆಕ್ಕ ಆಯಿತು. ಇನ್ನು ನೀರಿನ ಲೆಕ್ಕ. ಅಲೆ ಎಷ್ಟು, ಭರತ ಯಾವಾಗ, ಇಳಿತ ಯಾವಾಗ.

ಹೈದರಾಬಾದಿನಲ್ಲಿ ಇನ್‌ಕಾಯಿಸ್ ಎಂಬ ಸರ್ಕಾರಿ ಸಂಸ್ಥೆಯಿದೆ. ಸಾಗರದ ಮಾಹಿತಿ ಕೊಡುವುದೇ ಅದರ ಕೆಲಸ. ಮೀನು ಎಲ್ಲಿ ಸಿಗಬಹುದು, ಅಲೆ ಎಷ್ಟೆತ್ತರ, ಗಾಳಿ ಯಾವ ಕಡೆಯದು ಎಂದು ದಿನವೂ ತಿಳಿಸುತ್ತದೆ. ಹೊರಡುವ ಹಿಂದಿನ ಸಂಜೆ ಅದನ್ನು ನೋಡಿ. ಹವಾಮಾನ ಇಲಾಖೆಯ ಮುನ್ಸೂಚನೆ ನಮ್ಮ ಆಕಾಶವಾಣಿಯಲ್ಲೂ ಬರುತ್ತದೆ. ಕೇಳಿ. ಅಲೆ ಒಂದು ಮೀಟರಿಗಿಂತ ಹೆಚ್ಚೆಂದು ಕಂಡರೆ ಕಯಾಕನ್ನು ಹೊಳೆಗೆ ಇಳಿಸಿ, ಕಡಲಿಗೆ ಬೇಡ. ಇದು ನನ್ನ ಗೆರೆ. ನುರಿತವರು ನಗಬಹುದು. ನಗಲಿ.

ಗಾಳಿಯಿಲ್ಲದೆಯೂ ಅಲೆ ಏಳುತ್ತದೆ, ಗೊತ್ತಿರಲಿ. ದಕ್ಷಿಣ ಹಿಂದೂ ಮಹಾಸಾಗರದಲ್ಲಿ, ಸಾವಿರಾರು ಕಿಲೋಮೀಟರ್ ಆಚೆ ಬಿರುಗಾಳಿ ಎದ್ದಿರುತ್ತದೆ. ಅದರ ಅಲೆ ದಿನಗಟ್ಟಲೆ ಪ್ರಯಾಣ ಮಾಡಿ ನಮ್ಮ ದಡಕ್ಕೆ ಬಂದು ಅಪ್ಪಳಿಸುತ್ತದೆ. ಆಕಾಶ ನಿರ್ಮಲ. ಎಲೆಯೂ ಅಲುಗುವುದಿಲ್ಲ. ಕಡಲು ಮಾತ್ರ ಉಕ್ಕುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕಡಲು ಎನ್ನುತ್ತಾರೆ. ಮಳೆಗಾಲಕ್ಕೆ ಮುಂಚಿನ ಏಪ್ರಿಲ್, ಮೇ ತಿಂಗಳಲ್ಲಿ ಇದರ ಕಾಟ ಹೆಚ್ಚು. ಆದ್ದರಿಂದಲೇ ಬೇಸಿಗೆ ರಜೆಗಿಂತ ಕ್ರಿಸ್‌ಮಸ್ ರಜೆ ಈ ಕೆಲಸಕ್ಕೆ ವಾಸಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಈ ಮಾತೇ ಬೇಡ. ಯಾಂತ್ರೀಕೃತ ದೋಣಿಗಳಿಗೇ ಜೂನ್ 1ರಿಂದ ಜುಲೈ 31ರವರೆಗೆ ನಿಷೇಧವಿದೆ.

ಭರತ ಇಳಿತದ ವಿಷಯ. ನಮ್ಮ ಕರಾವಳಿಯಲ್ಲಿ ದಿನಕ್ಕೆ ಎರಡು ಸಲ ನೀರು ಏರುತ್ತದೆ, ಎರಡು ಸಲ ಇಳಿಯುತ್ತದೆ. ಅಮಾವಾಸ್ಯೆ, ಹುಣ್ಣಿಮೆಗೆ ಜೋರು. ಅಷ್ಟಮಿಯ ಆಸುಪಾಸು ಮೆದು. ಹೊಸಬರು ಅಷ್ಟಮಿಯ ವಾರವನ್ನೇ ಆರಿಸಿಕೊಳ್ಳುವುದು ಲೇಸು. ಮನೆಯ ಗೋಡೆಯ ಪಂಚಾಂಗ ಇದಕ್ಕೆ ಸಾಕು.

ತೆರೆದ ದಡದಿಂದ ಹೊರಡುವವರಿಗೆ ಇಷ್ಟು ಸಾಲುತ್ತದೆ. ಅಳಿವೆಯಿಂದ ಹೊರಡುವವರಿಗೆ ಸಾಲದು. ಅಳಿವೆ ಎಂದರೆ ಹೊಳೆ ಕಡಲಿಗೆ ಸೇರುವ ಬಾಯಿ. ಕೋಡಿ ಬೆಂಗ್ರೆಯಲ್ಲಿ ಸ್ವರ್ಣಾ, ಸೀತಾ ನದಿಗಳು ಕೂಡಿ ಕಡಲಿಗೆ ಬೀಳುತ್ತವೆ. ಒಳಗಿನ ನೀರು ಎಷ್ಟು ಶಾಂತವೆಂದರೆ ಮಕ್ಕಳನ್ನೂ ಕೂರಿಸಬಹುದು. ಬಾಯಿಯ ಬಳಿ ಮರಳ ದಿಬ್ಬವಿರುತ್ತದೆ. ಇಳಿತದ ನೀರು ರಭಸದಿಂದ ಹೊರಗೆ ಹರಿಯುವಾಗ, ಕಡಲಗಾಳಿ ಅಲೆಯನ್ನು ಒಳಗೆ ತಳ್ಳುತ್ತಿದ್ದರೆ, ಆ ದಿಬ್ಬದ ಮೇಲೆ ಅಲೆಗಳು ಎದ್ದು ನಿಂತು ಮುರಿಯುತ್ತವೆ. ಮೀನುಗಾರರ ದೊಡ್ಡ ದೋಣಿಗಳೂ ಅಳಿವೆಯಲ್ಲಿ ಮಗುಚಿವೆ. ಕಯಾಕಿನವರು ಅಳಿವೆಯನ್ನು ಬಿಟ್ಟುಬಿಡಿ. ಮೊದಲ ದಿನ ಒಳಗಿನ ಹೊಳೆಯಲ್ಲಿ ಅಭ್ಯಾಸ. ಎರಡನೆಯ ದಿನ ತೆರೆದ ದಡದಿಂದ ಕಡಲಿಗೆ. ಹೀಗೆ ಎರಡು ದಿನ ಇಟ್ಟುಕೊಂಡರೆ ಚೆನ್ನ.

ಅಭ್ಯಾಸವೆಂದರೆ ಹುಟ್ಟು ಹಾಕುವುದಲ್ಲ. ಬೀಳುವುದು. ಬೇಕೆಂದೇ ದೋಣಿಯಿಂದ ನೀರಿಗೆ ಬೀಳಿ. ಮತ್ತೆ ಹತ್ತಿ. ಮೀನು ಹಿಡಿಯಲು ಮೇಲೆ ಕೂರುವ ಮಾದರಿಯ ಕಯಾಕೇ ಬೇಕು. ಅದರ ಹೊಟ್ಟೆ ಮುಚ್ಚಿರುತ್ತದೆ. ನೀರು ತುಂಬಿ ಮುಳುಗುವುದಿಲ್ಲ. ಮೇಲೆ ಬಿದ್ದ ನೀರು ತೂತುಗಳಿಂದ ಕೆಳಗೆ ಇಳಿದುಹೋಗುತ್ತದೆ. ಮಗುಚಿದರೆ, ಮೊದಲು ದೋಣಿಯನ್ನು ನೆಟ್ಟಗೆ ಹೊರಳಿಸಿ, ಪಕ್ಕದಿಂದ ಕೈ ಚಾಚಿ ಆಚೆ ಅಂಚನ್ನು ಹಿಡಿಯಿರಿ. ಕಾಲು ಬಡಿಯುತ್ತ ಹೊಟ್ಟೆಯ ಮೇಲೆ ಎಳೆದುಕೊಳ್ಳಿ. ಮೊದಲು ಹೊಟ್ಟೆ, ಆಮೇಲೆ ಹೊರಳಿ ಕುಂಡೆ, ಕೊನೆಗೆ ಕಾಲು. ಹೊಳೆಯಲ್ಲಿ ದಣಿದಿರುವಾಗಲೂ ಇದನ್ನು ಮಾಡಬಲ್ಲಿರಿ ಎಂದಾದ ಮೇಲೆ ಕಡಲ ಮಾತು.

ಜೀವರಕ್ಷಕ ಜಾಕೆಟ್ ಬಗ್ಗೆ ಒಂದೇ ಮಾತು. ಅದು ಮೈಮೇಲಿರಬೇಕು. ಸೀಟಿನ ಹಿಂದೆ ಕಟ್ಟಿಟ್ಟರೆ ಇಲ್ಲದ ಹಾಗೆಯೇ. 2019ರ ಜನವರಿಯಲ್ಲಿ ಕಾರವಾರದ ಕೂರ್ಮಗಡ ದ್ವೀಪದ ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿ ಮಗುಚಿತು. 16 ಮಂದಿ ತೀರಿಕೊಂಡರು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರವಿತ್ತು.

ಗಾಳಿ, ಗಡಿಯಾರ, ನೀರು ಮೂರೂ ಆಯಿತು. ಈಗ ನೀವು ಕಾಯುತ್ತಿದ್ದ ವಿಷಯ, ಮೀನು.

ದೊಡ್ಡ ಸಲಕರಣೆ ಬೇಡ. ಗಿಡ್ಡನೆಯ ಒಂದು ಗಾಳದ ಕೋಲು, ಒಂದು ಕೈಗಾಳ, ತಂಗೂಸಿ ದಾರ, ಸೀಸದ ಗುಂಡು. ಎರೆಗೆ ಸಿಗಡಿ. ಹೋಗುವ ದಾರಿಯಲ್ಲಿ ದೋಣಿಯ ಹಿಂದೆ ಹೊಳೆಯುವ ಕೃತಕ ಎರೆಯನ್ನು ಎಳೆದುಕೊಂಡು ಹೋಗಿ. ಬಂಗುಡೆ ಕಚ್ಚೀತು. ಅದೃಷ್ಟವಿದ್ದರೆ ಅಂಜಲ್. ದ್ವೀಪದ ಬಂಡೆಗಳ ಬುಡದಲ್ಲಿ ಮುರು ಮೀನಿರುತ್ತದೆ. ಕಚ್ಚಿದೊಡನೆ ಅದು ಬಂಡೆಯ ಬಿಲಕ್ಕೆ ನುಗ್ಗುತ್ತದೆ. ದಾರ ಸಡಿಲ ಬಿಟ್ಟಿರೋ, ಮೀನೂ ಹೋಯಿತು, ಗಾಳವೂ ಹೋಯಿತು. ಬಂಡೆಗೆ ಎಷ್ಟು ಹತ್ತಿರ ಹೋಗಬಹುದು? ಅಲೆ ಮುರಿದು ನೊರೆಯಾಗುವ ಜಾಗದಿಂದ ಮೂರು ದೋಣಿಯುದ್ದ ದೂರ ನಿಲ್ಲಿ. ನೊರೆಯೊಳಗೆ ದೊಡ್ಡ ಮೀನಿದೆ ಎನ್ನುವವರು ಇರುತ್ತಾರೆ. ಇರಬಹುದು. ಬಿಡಿ.

ಲಂಗರು ಹಾಕುವುದಾದರೆ ದೋಣಿಯ ತುದಿಗೆ ಕಟ್ಟಿ. ಪಕ್ಕಕ್ಕೆ ಕಟ್ಟಿದರೆ ಸೆಳೆತ ದೋಣಿಯನ್ನು ಅಡ್ಡ ತಿರುಗಿಸಿ ಮಗುಚಿಬಿಡುತ್ತದೆ. ಕೈಗೆಟಕುವಂತೆ ಒಂದು ಚಾಕು ಇರಲಿ. ಬಂಡೆಗೆ ಸಿಕ್ಕಿಕೊಂಡರೆ ಹಗ್ಗ ಕತ್ತರಿಸಿ. ಲಂಗರಿನ ಆಸೆ ಬೇಡ. ತೇಡೆ ಮೀನು ಬಂದರೆ ಬರಿಗೈಯಲ್ಲಿ ಹಿಡಿಯಬೇಡಿ. ಅದರ ಬೆನ್ನಿನ, ಪಕ್ಕದ ಮುಳ್ಳಿನಲ್ಲಿ ವಿಷವಿದೆ. ಮರಳಿನಲ್ಲಿ ಇಳಿಯುವಾಗ, ಹತ್ತುವಾಗ ಕಾಲೆತ್ತಿ ಇಡದೆ ಎಳೆಯುತ್ತ ನಡೆಯಿರಿ. ಮರಳಲ್ಲಿ ಹುದುಗಿದ ತೊರಕೆ ಸದ್ದಿಗೆ ಸರಿದುಹೋಗುತ್ತದೆ. ಮೆಟ್ಟಿದರೆ ಬಾಲದ ಮುಳ್ಳಿನಿಂದ ಚುಚ್ಚುತ್ತದೆ.

ನೀರಿನ ಮೇಲೆ ತೇಲುಗುಂಡುಗಳ ಸಾಲು ಕಂಡರೆ ಅದು ಯಾರದೋ ಬಲೆ. ಯಾರದೋ ಅಂದಿನ ದುಡಿಮೆ. ಸುತ್ತಿ ಹೋಗಿ. ನಿಮ್ಮದು ಶೋಕಿ, ಅವರದು ಹೊಟ್ಟೆಪಾಡು. ಬಂದರಿನಿಂದ ಹೊರಡಬೇಡಿ ಎಂದದ್ದಕ್ಕೂ ಇದೇ ಕಾರಣ. ಮಲ್ಪೆ ದೊಡ್ಡ ಮೀನುಗಾರಿಕಾ ಬಂದರು. ಟ್ರಾಲ್ ಬೋಟುಗಳು ಸಾಲಾಗಿ ಹೋಗುತ್ತಿರುತ್ತವೆ, ಬರುತ್ತಿರುತ್ತವೆ. ಎತ್ತರದ ಚುಕ್ಕಾಣಿ ಕೋಣೆಯಲ್ಲಿ ನಿಂತವರಿಗೆ ನೀರಿಗೆ ಅಂಟಿಕೊಂಡಿರುವ ಕಯಾಕ್ ಕಾಣುವುದಿಲ್ಲ. ಕೋಲಿಗೆ ಕಿತ್ತಳೆ ಬಾವುಟ ಕಟ್ಟಿ. ಕೊರಳಲ್ಲಿ ಸೀಟಿ ಇರಲಿ. ಅವರು ನೋಡಿದ್ದಾರೆ ಎಂದು ಭಾವಿಸಬೇಡಿ. ನೀವೇ ದಾರಿ ಬಿಡಿ.

ಮೀನು ಹಿಡಿದಾಯಿತು. ಗಾಳಿ ತಿರುಗಿತು. ದಡದ ಹತ್ತಿರ ಬಂದಿರಿ. ಇಲ್ಲಿ ತಾಳ್ಮೆ ಬೇಕು. ಅಲೆ ಮುರಿಯುವ ಗೆರೆಯ ಹೊರಗೆ ಎರಡು ಮೂರು ನಿಮಿಷ ನಿಲ್ಲಿ. ದೊಡ್ಡ ಅಲೆಗಳು ಗುಂಪಾಗಿ ಬರುತ್ತವೆ. ಗುಂಪು ದಾಟಲು ಬಿಡಿ. ಕೊನೆಯ ದೊಡ್ಡ ಅಲೆಯ ಬೆನ್ನ ಹಿಂದೆಯೇ ಜೋರಾಗಿ ಹುಟ್ಟು ಹಾಕಿ ಬನ್ನಿ. ದೋಣಿ ಅಲೆಗೆ ಅಡ್ಡವಾಗದಿರಲಿ. ಮೊಣಕಾಲು ನೀರಿಗೆ ಬಂದ ಕೂಡಲೇ ಇಳಿಯಿರಿ. ದೋಣಿಗೂ ದಡಕ್ಕೂ ನಡುವೆ ಮಾತ್ರ ನಿಲ್ಲಬೇಡಿ. ಮುಂದಿನ ಅಲೆ ಇಡೀ ದೋಣಿಯನ್ನು ನಿಮ್ಮ ಮೊಣಕಾಲಿಗೆ ಎಸೆಯುತ್ತದೆ.

ಹೀಗೆ ನಡುಹಗಲಿಗೆ ಮರಳಿದವರಿಗೆ ಇಡೀ ಸಂಜೆ ಬಾಕಿಯಿದೆ. ಡೇರೆಯ ಮಾತು ಈಗ.

ದಡದಲ್ಲಿ ಕಂಡಕಂಡಲ್ಲಿ ಡೇರೆ ಹಾಕುವಂತಿಲ್ಲ. ಪಂಚಾಯಿತಿಯನ್ನು ಕೇಳಿ. ಅದಕ್ಕಿಂತ ಒಳ್ಳೆಯದು, ಕಡಲಂಚಿನ ಯಾವುದಾದರೂ ಮನೆಯವರ ಒಪ್ಪಿಗೆ ಪಡೆದು ಅವರ ಹಿತ್ತಲಲ್ಲಿ ಹಾಕುವುದು. ಬಾವಿಯ ನೀರು ಸಿಗುತ್ತದೆ. ನಾಳೆ ಕಡಲು ಹೇಗಿದ್ದೀತು ಎಂದು ಹೇಳುವ ಹಿರಿಯರೊಬ್ಬರು ಸಿಗುತ್ತಾರೆ. ತೆಂಗಿನ ಮರದ ನೇರ ಕೆಳಗೆ ಬೇಡ. ಕಾರಣ ಬಿಡಿಸಿ ಹೇಳಬೇಕಿಲ್ಲ. ಮರಳಿನಲ್ಲೇ ಹಾಕುವುದಾದರೆ ಒಣಗಿದ ಕಸಕಡ್ಡಿ, ಚಿಪ್ಪು ಸಾಲಾಗಿ ಬಿದ್ದಿರುವ ಗೆರೆಯನ್ನು ಹುಡುಕಿ. ಅದು ಭರತ ಮುಟ್ಟಿದ ಗುರುತು. ಅದಕ್ಕಿಂತ ಸಾಕಷ್ಟು ಮೇಲೆ ಮಲಗಿ. ಡೇರೆಯ ಬಾಗಿಲು ಮೂಡಣಕ್ಕಿರಲಿ. ರಾತ್ರಿ ಗಾಳಿ ತಿರುಗಿದಾಗ ತಂಪು ಒಳಗೆ ಬರುತ್ತದೆ. ಒಲೆ ಡೇರೆಗೆ ಪಡುವಣದಲ್ಲಿರಲಿ. ತಡರಾತ್ರಿಯ ಹೊಗೆ ಕಡಲಿಗೆ ಹೋಗುತ್ತದೆ. ಮೀನಿನ ಬುಟ್ಟಿ ಡೇರೆಯೊಳಗೆ ಬೇಡ. ಊರ ನಾಯಿಗಳಿಗೆ ಕಡಲಗಾಳಿ, ನೆಲಗಾಳಿ ಎರಡರಲ್ಲೂ ವಾಸನೆ ಸಿಗುತ್ತದೆ.

ಚಳಿಗಾಲದಲ್ಲಿ ಕಡಲಾಮೆಗಳು ಮೊಟ್ಟೆಯಿಡಲು ನಮ್ಮ ಕರಾವಳಿಯ ಮರಳಿಗೆ ಹತ್ತುತ್ತವೆ. ಪ್ರಖರ ಬೆಳಕು ಅವಕ್ಕೆ ಆಗದು. ಕಡಲಿನತ್ತ ಟಾರ್ಚು ಹಾಯಿಸಬೇಡಿ. ದಂಡೆಯಲ್ಲಿ ದೊಡ್ಡ ಬೆಂಕಿ ಹಾಕಬೇಡಿ. ಆಮೆಯನ್ನು ಕಂಡರೆ ದೂರ ಸರಿದು, ಅರಣ್ಯ ಇಲಾಖೆಗೆ ತಿಳಿಸಿ.

ಕೊನೆಯದಾಗಿ ಒಂದು ಕೋರಿಕೆ. ದೋಣಿ ನೀರಿಗೆ ದೂಡುವ ಮುನ್ನ ದಡದಲ್ಲಿ ಒಬ್ಬರಿಗೆ ಮೂರು ವಿಷಯ ಹೇಳಿ ಹೋಗಿ. ಎಷ್ಟು ಮಂದಿ ಹೊರಟಿದ್ದೀರಿ, ದೋಣಿಯ ಬಣ್ಣ ಯಾವುದು, ಎಷ್ಟು ಹೊತ್ತಿಗೆ ಮರಳುತ್ತೀರಿ. ಹೇಳಿದ ಹೊತ್ತಿಗಿಂತ ಒಂದು ಗಂಟೆ ಮೀರಿದರೆ ಫೋನ್ ಮಾಡುವಂತೆ ಕೇಳಿಕೊಳ್ಳಿ. ಕರಾವಳಿ ಕಾವಲು ಪೊಲೀಸರ ಸಂಖ್ಯೆ 1093. ಕೋಸ್ಟ್ ಗಾರ್ಡಿನ ಸಂಖ್ಯೆ 1554. ಇನ್ನೊಮ್ಮೆ ಹೇಳುತ್ತೇನೆ, ಬರೆದುಕೊಳ್ಳಿ. 1093 ಮತ್ತು 1554. ಮರಳಿ ಬಂದ ಮೇಲೆ ಅದೇ ವ್ಯಕ್ತಿಗೆ ‘ಬಂದೆವು’ ಎಂದು ತಿಳಿಸುವುದನ್ನು ಮರೆಯಬೇಡಿ.